ಮಹಿಮೆಯ ಗ್ರಂಥಗಳೂ ಮೂರು ಬಗೆಯ ಓದುಗರೂ

ಆರಾಧನೆ, ಸಪ್ತಾಹ, ಉತ್ಸವಗಳ ದಿನಗಳಲ್ಲಿ ನಮ್ಮ ದೇವಾಲಯಗಳ ಪ್ರಾಕಾರದಲ್ಲಿ ಪುಸ್ತಕದ ಅಂಗಡಿಯೊಂದು ತೆರೆದಿರುವುದು ವಾಡಿಕೆ. ಅಲ್ಲಿ ಸರ್ವಮೂಲದ ಸಂಪುಟಗಳ ಪಕ್ಕದಲ್ಲಿಯೇ ಗುರುಗಳ ಮಹಿಮೆಯನ್ನು ಹೇಳುವ ಕಿರುಹೊತ್ತಗೆಗಳೂ ಕ್ಷೇತ್ರಮಾಹಾತ್ಮ್ಯಗಳೂ ಹರಿದಾಸರ ಚರಿತ್ರೆಗಳೂ ಇರುತ್ತವೆ. ಪ್ರವಚನ ಮುಗಿಸಿ ತೀರ್ಥಪ್ರಸಾದ ಸ್ವೀಕರಿಸಿ ಹೊರಡುವವರು ಹೆಚ್ಚಾಗಿ ಕೊಳ್ಳುವುದು ಈ ಕಿರುಹೊತ್ತಗೆಗಳನ್ನೇ. ಆದರೆ ಮನೆಗೆ ಬಂದ ಪುಸ್ತಕವನ್ನು ಮನೆಯವರೆಲ್ಲರೂ ಒಂದೇ ಬಗೆಯಾಗಿ ಓದುವುದಿಲ್ಲ. ಹಿರಿಯರು ಅದನ್ನು ಕಣ್ಣಿಗೊತ್ತಿಕೊಂಡು, ಗದ್ಗದಿತ ಕಂಠದಿಂದ ಓದುತ್ತಾರೆ. ಕಾಲೇಜಿನಲ್ಲಿ ವಿಜ್ಞಾನವನ್ನು ಓದುತ್ತಿರುವ ಮಗನೋ ಮಗಳೋ ಎರಡು ಪುಟಗಳನ್ನು ತಿರುವಿ, "ಇದೆಲ್ಲ ನಡೆದದ್ದೇ?" ಎಂದು ಕೇಳಿ ಬದಿಗಿಡುತ್ತಾರೆ. ಮೂರನೆಯವರೊಬ್ಬರು, ಯಾವ ಅಧ್ಯಾಯವನ್ನು ಎಷ್ಟು ದಿನ ಪಾರಾಯಣ ಮಾಡಿದರೆ ಯಾವ ಕಾರ್ಯ ಕೈಗೂಡುವುದೆಂಬ ಭಾಗವನ್ನು ಮಾತ್ರ ಹುಡುಕುತ್ತಾರೆ.

ಮೊದಲನೆಯವರಿಗೂ ಎರಡನೆಯವರಿಗೂ ಮನೆಯಲ್ಲಿ ಆಗಾಗ ಮಾತು ಬೆಳೆಯುವುದುಂಟು. ಮೂರನೆಯವರ ವಿಷಯದಲ್ಲಿ ಯಾರೂ ಏನನ್ನೂ ಹೇಳುವುದಿಲ್ಲ. ಈ ಮೂವರಲ್ಲಿ ಸರಿಯಾಗಿ ಓದಿದವರು ಯಾರು? ಯಾವ ಓದಿನಿಂದ ಶ್ರೇಯಸ್ಸು, ಯಾವುದರಿಂದ ಹಾನಿ? ಈ ಪ್ರಶ್ನೆಯನ್ನು ನಮ್ಮ ಸಿದ್ಧಾಂತದ ಬೆಳಕಿನಲ್ಲಿ, ನಮ್ಮ ಸುತ್ತಮುತ್ತಲಿನ ಉದಾಹರಣೆಗಳನ್ನೇ ಇಟ್ಟುಕೊಂಡು ಸ್ವಲ್ಪ ವಿಚಾರಿಸೋಣ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಸೀಮೆಯಲ್ಲಿ ಕಥೆಯಿಲ್ಲದ ಕಲ್ಲೊಂದು ದೊರೆಯುವುದು ಕಷ್ಟ. ಋಷ್ಯಮೂಕ, ಮತಂಗ ಪರ್ವತ, ಮಾಲ್ಯವಂತ, ಅಂಜನಾದ್ರಿ ಎಂಬ ಹೆಸರುಗಳನ್ನು ಇಲ್ಲಿಯ ಮಕ್ಕಳು ಶಾಲೆಗೆ ಹೋಗುವ ಮೊದಲೇ ಕಲಿಯುತ್ತಾರೆ. ಇಂಥ ನೆಲದಲ್ಲಿ ಐತಿಹ್ಯವನ್ನು ಕೇಳುವ ಬಗೆ ಹೇಗಿರಬೇಕೆಂಬುದಕ್ಕೆ ಮೂರು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ವಿಠ್ಠಲ ದೇವಾಲಯದಿಂದ ಮುಂದೆ ನಿಂಬಾಪುರದ ಬಳಿಯಿರುವ ಬೂದಿಯ ದಿಬ್ಬ. ವಾಲಿಯ ದಹನ ನಡೆದದ್ದು ಅಲ್ಲಿಯೇ ಎಂದು ಜನ ಹೇಳುತ್ತ ಬಂದಿದ್ದಾರೆ. ಇಂಥ ಬೂದಿದಿಬ್ಬಗಳು ಕುಡತಿನಿಯೇ ಮೊದಲಾಗಿ ಬಳ್ಳಾರಿಯ ಸುತ್ತ ಅನೇಕ ಕಡೆ ಇವೆ. ಇವು ನವಶಿಲಾಯುಗದ ಗೋಪಾಲಕರು ತಮ್ಮ ದೊಡ್ಡಿಗಳಲ್ಲಿ ರಾಶಿಯಾಗಿ ಬಿದ್ದ ಸಗಣಿಯನ್ನು ಸುಟ್ಟುದರಿಂದ ಆದವು ಎಂಬುದನ್ನು ಪುರಾತತ್ತ್ವಜ್ಞರು ಉತ್ಖನನದಿಂದ ತೋರಿಸಿದ್ದಾರೆ. ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ದಿಬ್ಬವನ್ನು ಅಗೆದು ನೋಡಿ 1963ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ಪ್ರಕಟಿಸಿದರು. ಇಲ್ಲಿ ಐತಿಹ್ಯವು ಕೊಟ್ಟ ಕಾರಣ ನಿಲ್ಲುವುದಿಲ್ಲ. ನಿಲ್ಲದಿದ್ದರೆ ನಷ್ಟವೇನು? ಶ್ರೀಮದ್ರಾಮಾಯಣದಲ್ಲಿ ಈ ದಿಬ್ಬದ ಮಾತಿಲ್ಲ. ದಿಬ್ಬವನ್ನು ಕಂಡ ಜನ ರಾಮಾಯಣವನ್ನು ಅದಕ್ಕೆ ಜೋಡಿಸಿದರು. ಈ ಜೋಡಣೆ ಕಳಚಿದರೆ ಶ್ರೀರಾಮಚಂದ್ರನ ಮಹಿಮೆಗೆ ಕುಂದಿಲ್ಲ. ಶಾಸ್ತ್ರವೂ ಸ್ಥಳದ ಕಥೆಯೂ ಒಂದೇ ತೂಕದವಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಎರಡನೆಯದು ಸಂಡೂರಿನ ಕುಮಾರಸ್ವಾಮಿ ಕ್ಷೇತ್ರ. ತಾರಕಾಸುರನ ವಧೆಯ ಕಥೆ ಆ ಬೆಟ್ಟದೊಡನೆ ಬೆರೆತಿದೆ. ಸ್ಥಳಪುರಾಣವು ಆ ಬೆಟ್ಟವನ್ನು ಲೋಹಾಚಲವೆಂದು ಕರೆಯುತ್ತದೆ. ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಕುರಿತ ತನ್ನ ಗ್ರಂಥವನ್ನು 1895ರಲ್ಲಿ ಪ್ರಕಟಿಸಿದನು. ಆ ಬೆಟ್ಟಗಳಲ್ಲಿ ಅಡಗಿರುವ ಕಬ್ಬಿಣದ ಅದಿರು ಈಗ ಲೋಕಪ್ರಸಿದ್ಧ. ಆದರೆ ಲೋಹದ ಬೆಟ್ಟವೆಂಬ ಹೆಸರನ್ನು ಕಥೆ ಹೇಳುವವರು ಅದಕ್ಕಿಂತ ಮೊದಲೇ ಕಾಪಾಡಿಕೊಂಡು ಬಂದಿದ್ದರು. ಪುರಾಣವೆಂದು ಹಾರಿಸಿಬಿಟ್ಟವನು ಈ ಸಂಗತಿಯನ್ನು ಕಳೆದುಕೊಳ್ಳುತ್ತಿದ್ದನು.

ಮೂರನೆಯದು ಕಂಪ್ಲಿಯ ಕಥೆ. ಕಂಪಿಲರಾಯನ ರಾಜ್ಯ 1327ರಲ್ಲಿ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಬಿದ್ದಿತು. ಆತನ ಮಗ ಕುಮಾರರಾಮನ ಕಥೆಯನ್ನು 16ನೆಯ ಶತಮಾನದ ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದನು. ಕುಮಾರರಾಮನನ್ನು ನಮ್ಮ ಜನ ಪರನಾರೀಸಹೋದರನೆಂದು ಇಂದಿಗೂ ಸ್ಮರಿಸುತ್ತಾರೆ. ಅರಬ್ ದೇಶಗಳ ಕಡೆಯಿಂದ ಬಂದ ಪ್ರವಾಸಿ ಇಬ್ನ್ ಬತೂತನೂ ಕಂಪಿಲನ ಪತನವನ್ನು ಬರೆದಿದ್ದಾನೆ. ಇಬ್ಬರ ಕಥನಗಳೂ ಎಷ್ಟೋ ಕಡೆ ಹೊಂದುವುದಿಲ್ಲ. ಆದರೆ ಒಂದು ಮಾತಿನಲ್ಲಿ ಇಬ್ಬರೂ ಕೂಡುತ್ತಾರೆ: ಸುಲ್ತಾನನಿಗೆ ಹೆದರಿ ಓಡಿಬಂದವನು ಆಶ್ರಯ ಬೇಡಿದಾಗ ಕಂಪಿಲನ ಮನೆತನ ಅವನನ್ನು ಹಿಡಿದುಕೊಡಲಿಲ್ಲ. ಶರಣಾಗತನನ್ನು ಕಾಯ್ದು ರಾಜ್ಯವನ್ನೇ ಕಳೆದುಕೊಂಡಿತು. ಘಟನೆಗಳ ವಿವರದಲ್ಲಿ ಐತಿಹ್ಯ ಬೇರೆಯಾದರೂ ಧರ್ಮದ ಸಾರವನ್ನು ಅದು ಬಿಟ್ಟುಕೊಡಲಿಲ್ಲ.

ಒಂದು ಕಡೆ ಐತಿಹ್ಯದ ಕಾರಣ ತಪ್ಪು, ಇನ್ನೊಂದು ಕಡೆ ಅದರ ಹೆಸರಿನಲ್ಲಿಯೇ ಸತ್ಯ, ಮತ್ತೊಂದು ಕಡೆ ವಿವರ ಸಂದಿಗ್ಧವಾದರೂ ನೀತಿ ಸುಸ್ಪಷ್ಟ. ಆದ್ದರಿಂದ "ಎಲ್ಲವನ್ನೂ ನಂಬು" ಎನ್ನುವುದಾಗಲಿ "ಯಾವುದನ್ನೂ ನಂಬಬೇಡ" ಎನ್ನುವುದಾಗಲಿ ವಿವೇಕವೆನಿಸದು.

ಶ್ರೀಮದಾಚಾರ್ಯರು ನಮಗೆ ಕಲಿಸಿದ ದಾರಿಯೂ ಇದೇ. ಮಹಾಭಾರತ ತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಅವರು ಗ್ರಂಥಗಳಿಗೆ ಒದಗಿದ ದುರವಸ್ಥೆಯನ್ನು ಮುಚ್ಚಿಡದೆ ಹೇಳಿದ್ದಾರೆ. ಕೆಲವರು ಹೊಸ ಮಾತುಗಳನ್ನು ಸೇರಿಸಿದರು, ಕೆಲವರು ಇದ್ದುದನ್ನು ಕಿತ್ತರು, ಕೆಲವರು ಹಿಂದುಮುಂದು ಮಾಡಿದರು, ಕೆಲವರು ಅರಿಯದೆ ಕೆಡಿಸಿದರು. ಆದ್ದರಿಂದ ನಾನಾ ದೇಶಗಳ ಪ್ರತಿಗಳನ್ನು ನೋಡಿ ನಿರ್ಣಯಿಸಬೇಕಾಯಿತು. ಏಳುನೂರು ವರ್ಷಗಳ ಹಿಂದೆ, ತಾವು ಪರಮ ಪ್ರಮಾಣವೆಂದು ಭಾವಿಸಿದ ಗ್ರಂಥದ ವಿಷಯದಲ್ಲಿಯೇ ಇಷ್ಟು ಎಚ್ಚರದಿಂದ ಮಾತನಾಡಿದವರ ಅನುಯಾಯಿಗಳು ನಾವು. ನಾಲ್ಕಾಣೆ ಬೆಲೆಗೆ ಮಾರಿದ ಮಹಿಮೆಯ ಹೊತ್ತಗೆಯ ವಿಷಯದಲ್ಲಿ ಆ ಎಚ್ಚರವನ್ನು ಬಿಡಬಹುದೇ?

ಪುರಾಣಗಳಲ್ಲಿ ಸಮಾಧಿಭಾಷೆ, ದರ್ಶನಭಾಷೆ, ಗುಹ್ಯಭಾಷೆ ಎಂದು ಮೂರು ಬಗೆಯ ಭಾಷೆಗಳುಂಟೆಂದೂ ಆಚಾರ್ಯರು ತಿಳಿಸಿದ್ದಾರೆ. ಕಂಡ ತತ್ತ್ವವನ್ನು ನೇರವಾಗಿ ನಿರೂಪಿಸುವುದು ಮೊದಲನೆಯದು. ಇತರ ದರ್ಶನಗಳ ಅಭಿಪ್ರಾಯವನ್ನು ಅನುಸರಿಸಿ ಹೇಳುವುದು ಎರಡನೆಯದು. ಮೇಲೆ ತೋರುವ ಅರ್ಥ ಒಂದಾಗಿ ಒಳಗಿನ ಅಭಿಪ್ರಾಯ ಬೇರೊಂದಾಗಿರುವುದು ಮೂರನೆಯದು. ಒಂದು ವಾಕ್ಯವನ್ನು ಓದಿದೊಡನೆ "ಇದು ಯಾವ ಭಾಷೆ?" ಎಂದು ಕೇಳಿಕೊಳ್ಳುವುದು ನಮ್ಮ ಸಂಪ್ರದಾಯದಲ್ಲಿ ಅಶ್ರದ್ಧೆಯಲ್ಲ. ಶ್ರದ್ಧಾವಂತನು ಮಾಡಲೇಬೇಕಾದ ಕೆಲಸ ಅದು.

ಸುಮಧ್ವವಿಜಯದ ಕರ್ತೃಗಳಾದ ಶ್ರೀ ನಾರಾಯಣ ಪಂಡಿತಾಚಾರ್ಯರು ಕೂಡ ಇದಕ್ಕೆ ಮೇಲ್ಪಂಕ್ತಿಯಾಗಿದ್ದಾರೆ. ಆ ಮಹಾಕಾವ್ಯದಲ್ಲಿ ಅದ್ಭುತ ಪ್ರಸಂಗಗಳಿಗೆ ಕೊರತೆಯಿಲ್ಲ. ಆದರೆ ಅದರ ಮೇಲೆ ಅವರೇ ಭಾವಪ್ರಕಾಶಿಕೆ ಎಂಬ ಟಿಪ್ಪಣಿಯನ್ನು ಬರೆದು, ಕಾವ್ಯದಲ್ಲಿ ಸಂಸ್ಕೃತಕ್ಕೆ ತಿರುಗಿಸಿದ ಊರುಗಳ, ವ್ಯಕ್ತಿಗಳ ದೇಶೀಯ ಹೆಸರುಗಳನ್ನು ಕೊಟ್ಟರು. ಮಹಿಮೆಯನ್ನು ಹಾಡಿದ ಕೈಯೇ ಇಂಥ ಊರು, ಇಂಥ ಮನುಷ್ಯ ಎಂದು ಗುರುತನ್ನೂ ಬರೆದಿಟ್ಟಿತು. ಪರೀಕ್ಷಿಸುವವರಿಗೆ ಅವರು ಬಾಗಿಲು ಮುಚ್ಚಲಿಲ್ಲ.

ಈಗ ನಮ್ಮ ಹಂಪೆಯ ಶ್ರೀ ವ್ಯಾಸರಾಜತೀರ್ಥ ಶ್ರೀಪಾದಂಗಳವರ ಚರಿತ್ರೆಗೆ ಬರೋಣ. ಮಹಿಮೆಯ ಕಥೆಗಳು ಇವರ ಸುತ್ತ ಸೇರಿಕೊಂಡಷ್ಟು ನಮ್ಮ ಪರಂಪರೆಯಲ್ಲಿ ಕೆಲವರೇ ಯತಿಗಳ ಸುತ್ತ ಸೇರಿಕೊಂಡಿವೆ. ಚಕ್ರತೀರ್ಥದ ಬಳಿ, ಕೋದಂಡರಾಮ ದೇವಾಲಯದ ಹಿಂದಿನ ಗುಡ್ಡದ ಮೇಲಿರುವ ಯಂತ್ರೋದ್ಧಾರಕ ಪ್ರಾಣದೇವರ ಕಥೆಯನ್ನು ಅರಿಯದ ಮಾಧ್ವರ ಮನೆಯಿಲ್ಲ. ಶ್ರೀಪಾದಂಗಳವರು ಬಂಡೆಯ ಮೇಲೆ ಇದ್ದಿಲಿನಿಂದ ಪ್ರಾಣದೇವರ ರೂಪವನ್ನು ಬರೆದಂತೆಲ್ಲ ಕಪಿಯೊಂದು ಜೀವತಳೆದು ಹಾರಿಹೋಗುತ್ತಿತ್ತು. ಹೀಗೆ ಹನ್ನೆರಡು ದಿನಗಳಾದ ಮೇಲೆ ಅವರು ಷಟ್ಕೋಣದ ಯಂತ್ರವನ್ನು ಬರೆದು ಅದರ ನಡುವೆ ಸ್ವಾಮಿಯನ್ನು ನಿಲ್ಲಿಸಿದರು. ವಿಗ್ರಹದ ಸುತ್ತ ಒಂದರ ಬಾಲವನ್ನೊಂದು ಹಿಡಿದ ಹನ್ನೆರಡು ಕಪಿಗಳನ್ನು ಇಂದಿಗೂ ಕಾಣಬಹುದು. ಶ್ರೀಕೃಷ್ಣದೇವರಾಯನಿಗೆ ಕುಹಯೋಗ ಒದಗಿದಾಗ ಶ್ರೀಪಾದಂಗಳವರು ಸಿಂಹಾಸನವನ್ನೇರಿ, ಸರ್ಪರೂಪದಿಂದ ಬಂದ ಆ ದುರ್ಯೋಗವನ್ನು ತಮ್ಮ ಕಾವಿಯ ವಸ್ತ್ರವನ್ನೆಸೆದು ದಹಿಸಿದರೆಂಬ ಕಥೆಯೂ ಹಾಗೆಯೇ ಪ್ರಸಿದ್ಧ.

ಇದೇ ಶ್ರೀಪಾದಂಗಳವರು ನ್ಯಾಯಾಮೃತ, ತಾತ್ಪರ್ಯಚಂದ್ರಿಕೆ, ತರ್ಕತಾಂಡವಗಳೆಂಬ ವ್ಯಾಸತ್ರಯವನ್ನು ರಚಿಸಿದವರು. ನ್ಯಾಯಾಮೃತದ ಒಂದೊಂದು ವಾದವನ್ನೂ ಎದುರಿಸುವುದಕ್ಕಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯೆಂಬ ಗ್ರಂಥವನ್ನೇ ಬರೆಯಬೇಕಾಯಿತು. ಪ್ರತ್ಯಕ್ಷವು ಆಗಮಕ್ಕೆ ಉಪಜೀವ್ಯ, ಅಂದರೆ ಆಗಮವು ನಿಲ್ಲುವ ನೆಲೆ. ಆದ್ದರಿಂದ ನಿರ್ದೋಷವಾದ ಪ್ರತ್ಯಕ್ಷವನ್ನು ಶ್ರುತಿಯ ಹೆಸರಿನಿಂದಲೂ ತಳ್ಳಿಹಾಕಲಾಗದು ಎಂಬುದನ್ನು ಅವರು ಬಲವಾಗಿ ಸ್ಥಾಪಿಸಿದರು. ಅದ್ಭುತಗಳು ಯಾರ ಸುತ್ತ ಹೆಚ್ಚಾಗಿ ಸೇರಿಕೊಂಡವೋ ಅವರೇ ಪ್ರತ್ಯಕ್ಷದ ಹಕ್ಕನ್ನು ಎತ್ತಿಹಿಡಿದವರು. ಅವರ ಮಹಿಮೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು, ಪ್ರಶ್ನೆ ಕೇಳಿದ ಮಗನನ್ನು ಗದರಿಸುವುದು ಎಷ್ಟು ಸಮಂಜಸ?

ಆದಕಾರಣ ಎರಡನೆಯ ಓದುಗನ, ಎಂದರೆ ಸಂಶಯಪಡುವವನ, ವಿಷಯವನ್ನೇ ಮೊದಲು ನೋಡೋಣ. ಬ್ರಹ್ಮಸೂತ್ರಗಳ ಒಂದೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಮೊದಲಾದ ಅಂಗಗಳುಂಟು. ಸಂಶಯವಿಲ್ಲದೆ ಅಧಿಕರಣವೇ ಹುಟ್ಟದು. ಮನೆಯಲ್ಲಿ "ಇದು ನಡೆದದ್ದೇ?" ಎಂದು ಕೇಳುವ ಹುಡುಗನು ಅಧಿಕರಣದ ಎರಡನೆಯ ಅಂಗವನ್ನು ಒದಗಿಸುತ್ತಿದ್ದಾನೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ನಾಡಿನ ಆಸ್ತಿಕರಲ್ಲಿ ಬಹಳ ಜನ ನೊಂದರು. ಆದರೆ ಕೈಬೀಸಿ ಬೂದಿ ತೆಗೆಯುವವರನ್ನು ಪರೀಕ್ಷಿಸಿದರೆ ಪರಮಾತ್ಮನಿಗೆ ಆಗುವ ಬಾಧೆ ಏನೂ ಇಲ್ಲ. ಮೋಸಗಾರನಿಗೆ ಮಾತ್ರ ಬಾಧೆ. ಮೋಸ ಬಯಲಾದರೆ ಅದು ಆಸ್ತಿಕರಿಗೇ ಲಾಭ.

ಹಾಗೆಂದು ಸಂಶಯಪಡುವವನಿಗೂ ತನ್ನದೇ ಆದ ಒಂದು ಅಪಾಯವುಂಟು. ಸಂಶಯದಲ್ಲಿ ನಿಲ್ಲದೆ, ವಿಚಾರವನ್ನೂ ಮಾಡದೆ, ನೇರವಾಗಿ "ಇಲ್ಲ" ಎಂಬ ನಿರ್ಣಯಕ್ಕೆ ಹಾರುವುದೇ ಆ ಅಪಾಯ. "ನಾನು ಕಂಡಿಲ್ಲ, ಆದ್ದರಿಂದ ಅದು ಇಲ್ಲ" ಎಂಬುದು ಯಾವಾಗ ಸಾಧುವಾಗುತ್ತದೆ? ವಸ್ತುವು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಿದ್ದಾಗ ಮಾತ್ರ. ನಮ್ಮ ಹಿರಿಯರು ಇದನ್ನು ಯೋಗ್ಯಾನುಪಲಬ್ಧಿ ಎಂದರು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡ ಇಲ್ಲವೆನ್ನಬಹುದು. ಐದು ಶತಮಾನಗಳ ಹಿಂದಿನ ಒಂದು ಪ್ರಾತಃಕಾಲದಲ್ಲಿ ಬಂಡೆಯ ಮೇಲೆ ನಡೆದುದನ್ನು ಹಾಗೆ ಹೇಳಲಾಗದು. "ತಿಳಿಯದು" ಎನ್ನಬಹುದು. ಹಾಗೆನ್ನುವುದು ಪ್ರಾಮಾಣಿಕತೆ. "ಸುಳ್ಳು" ಎನ್ನಲು ಬೇರೆ ಪ್ರಮಾಣ ಬೇಕು.

ಅಲ್ಲದೆ, ಅದ್ಭುತವನ್ನು ಒಪ್ಪದವನು ಅದರ ಸುತ್ತಲಿನ ಸಿದ್ಧವಾದ ಸಂಗತಿಗಳನ್ನೂ ಕಥೆಯೊಡನೆ ಎಸೆದುಬಿಡುತ್ತಾನೆ. ಪುರಂದರದಾಸರ ಮನೆಗೆ ವಿಠ್ಠಲನು ಬಡ ಬ್ರಾಹ್ಮಣನಾಗಿ ಬಂದು, ಮೂಗುತಿಯ ಪ್ರಸಂಗ ನಡೆದ ಕಥೆಯನ್ನು ಒಬ್ಬನು ಒಪ್ಪದಿರಬಹುದು. ಆದರೆ ಧನಿಕನೊಬ್ಬನು ಎಲ್ಲವನ್ನೂ ತ್ಯಜಿಸಿ, ಕೈಯಲ್ಲಿ ತಂಬೂರಿ ಹಿಡಿದು, ವ್ಯಾಸರಾಜರ ಶಿಷ್ಯನಾಗಿ ಹಂಪೆಯಲ್ಲಿ ನೆಲಸಿದನು. ಆತನ ಪದಗಳು ಇಂದಿಗೂ ಸಂಗೀತದ ಮೊದಲ ಪಾಠಗಳಾಗಿವೆ. ಇದು ಕಥೆಯಲ್ಲ. ಮನುಷ್ಯನೊಬ್ಬನ ಮನಸ್ಸು ಹೀಗೆ ಒಂದೇ ಸಲಕ್ಕೆ ತಿರುಗಿದುದು ಮೂಗುತಿಯ ಪ್ರಸಂಗಕ್ಕಿಂತ ಸಣ್ಣ ಆಶ್ಚರ್ಯವೇ?

ಇನ್ನು ಮೊದಲನೆಯ ಓದುಗರು, ಎಂದರೆ ಶ್ರದ್ಧೆಯಿಂದ ಓದುವವರು. ಮನೆಯಲ್ಲಿ ಧರ್ಮ ಉಳಿದಿರುವುದು ಇವರಿಂದಲೇ. ಶಾಸ್ತ್ರದ ಒಂದು ವಾಕ್ಯವನ್ನೂ ಓದಲಾಗದ ತಾಯಂದಿರು ಈ ಕಥೆಗಳ ಮೂಲಕವೇ ಗುರುಭಕ್ತಿಯನ್ನೂ ದಾನವನ್ನೂ ವೈರಾಗ್ಯವನ್ನೂ ಮಕ್ಕಳಿಗೆ ಧಾರೆಯೆರೆದರು. ಅವರ ಕಣ್ಣೀರನ್ನು ನಗುವವನಿಗೆ ಶ್ರೇಯಸ್ಸಿಲ್ಲ. ಆದರೆ ಇವರಲ್ಲಿ ಕೆಲವರಿಗೆ ಇತ್ತೀಚೆಗೆ ಒಂದು ಚಪಲ ಅಂಟಿಕೊಂಡಿದೆ. ಭಕ್ತಿಗೆ ಸಾಲದೆಂಬಂತೆ, ಇಲ್ಲದ ಪುರಾವೆಯನ್ನು ಅದಕ್ಕೆ ಕಟ್ಟಲು ಹೋಗುತ್ತಾರೆ.

ಸರ್ ಥಾಮಸ್ ಮನ್ರೋ ಸಾಹೇಬನ ಪ್ರಸಂಗವನ್ನು ನೋಡಿ. ಮಂತ್ರಾಲಯವಿದ್ದ ಆದವಾನಿ ತಾಲ್ಲೂಕು ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮನ್ರೋ 1800ರಿಂದ 1807ರ ವರೆಗೆ ದತ್ತಮಂಡಲಗಳ ಕಲೆಕ್ಟರನಾಗಿದ್ದನು. ಮಠದ ಇನಾಮಿನ ವಿಚಾರಣೆಗೆಂದು ಬಂದ ಆತನಿಗೆ ಶ್ರೀ ರಾಘವೇಂದ್ರಸ್ವಾಮಿಗಳು ವೃಂದಾವನದಿಂದ ದರ್ಶನವಿತ್ತು ಮಾತನಾಡಿದರು, ಸುತ್ತಲಿದ್ದವರಿಗೆ ಅವರು ಕಾಣಲಿಲ್ಲ ಎಂದು ಪರಂಪರೆ ಹೇಳುತ್ತದೆ. ಇದನ್ನು ಓದಿ ಕೈಮುಗಿಯುವುದು ಭಕ್ತಿ. ಆದರೆ "ಸರಕಾರದ ಗೆಜೆಟಿಯರಿನಲ್ಲಿಯೇ ಬಂದಿದೆ, ಇನ್ನೇನು ಬೇಕು?" ಎಂದು ವಾದಿಸುವವರು ಆ ಗೆಜೆಟಿಯರನ್ನು ತೆರೆದು ನೋಡಬೇಕು. 1904ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಗೆಜೆಟಿಯರು ಈ ಪ್ರಸಂಗವನ್ನು ಆ ಸ್ಥಳದ ವಿಷಯವಾಗಿ ಜನರು ಹೇಳುವ ಕಥೆಯೆಂದು ಬರೆದಿದೆ. ಅದು ಮನ್ರೋ ಕಲೆಕ್ಟರನಾಗಿದ್ದ ಕಾಲಕ್ಕೆ ಸುಮಾರು ನೂರು ವರ್ಷಗಳ ನಂತರದ ಬರಹ. ಅದು ಆತನ ಸ್ವಂತ ಸಾಕ್ಷ್ಯವಲ್ಲ. ಜನರಲ್ಲಿ ಹೀಗೊಂದು ನಂಬಿಕೆ ಆಗಲೇ ದೃಢವಾಗಿತ್ತು ಎಂಬುದಕ್ಕೆ ಅದು ಒಳ್ಳೆಯ ಪ್ರಮಾಣ. ಅದಕ್ಕಿಂತ ಹೆಚ್ಚಿನದನ್ನು ಅದರ ಬಾಯಿಂದ ಹೇಳಿಸಿದರೆ ಅದು ಅಸತ್ಯವಾಗುತ್ತದೆ.

ಕುಹಯೋಗದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಶ್ರೀಪಾದಂಗಳವರ ಸಮಕಾಲೀನನಾದ ಸೋಮನಾಥ ಕವಿಯ ವ್ಯಾಸಯೋಗಿಚರಿತವನ್ನು ಬಿ. ವೆಂಕೋಬರಾಯರು ಸಂಪಾದಿಸಿ 1926ರಲ್ಲಿ ಬೆಳಕಿಗೆ ತಂದರು. ರಾಜನು ಗುರುಗಳಿಗೆ ರತ್ನಾಭಿಷೇಕ ಮಾಡಿದುದನ್ನು ಆ ಕಾವ್ಯ ವರ್ಣಿಸುತ್ತದೆ. ವಿಠ್ಠಲ ದೇವಾಲಯದ ಪ್ರಾಕಾರದಲ್ಲಿ ಶ್ರೀಪಾದಂಗಳವರು ಯೋಗವರದ ನರಸಿಂಹನನ್ನು ಪ್ರತಿಷ್ಠಿಸಿದುದು 1532ರಲ್ಲಿ, ಅಚ್ಯುತರಾಯನ ಕಾಲದಲ್ಲಿ. ಇದಕ್ಕೆ ಶಾಸನದ ಆಧಾರವಿದೆ. ಸಿಂಹಾಸನವೇರಿದ ಕಥೆಯಾದರೋ ಮುಖ್ಯವಾಗಿ ಪರಂಪರೆಯ ಮಾತಿನಿಂದ ನಮಗೆ ಬಂದುದು. ಶಾಸನದಿಂದ ತಿಳಿದುದನ್ನು ಶಾಸನದಿಂದ ಎಂದೂ, ಪರಂಪರೆಯಿಂದ ಬಂದುದನ್ನು ಪರಂಪರೆಯಿಂದ ಎಂದೂ ಹೇಳಿದರೆ ಗುರುಗಳ ಗೌರವ ಕಡಿಮೆಯಾಗದು. ಯಥಾರ್ಥವೇ ಪ್ರಮಾಣವೆಂದು ಸಾರುವ ಮತದಲ್ಲಿ ಹುಟ್ಟಿದವರು ದೇವರ ಪಕ್ಷ ವಹಿಸಿಯಾದರೂ ಅಯಥಾರ್ಥವನ್ನು ಆಡಬಾರದು.

ಮೊದಲ ಇಬ್ಬರು ಓದುಗರ ಜಗಳ ಇಲ್ಲಿಗೆ ಬಹುಮಟ್ಟಿಗೆ ತೀರುತ್ತದೆ. ಇಬ್ಬರೂ ಸತ್ಯವನ್ನು ಬಯಸುವವರೇ. ಒಬ್ಬರು ಹೃದಯದ ಕಡೆಯಿಂದ ಬರುತ್ತಾರೆ, ಇನ್ನೊಬ್ಬರು ಬುದ್ಧಿಯ ಕಡೆಯಿಂದ. ನಿಜವಾಗಿ ವಿಚಾರಿಸಬೇಕಾದುದು ಮೂರನೆಯ ಓದುಗನನ್ನು. ಇವನು ಸಂಶಯಪಡುವುದಿಲ್ಲ. ಎಲ್ಲವನ್ನೂ ನಂಬುತ್ತಾನೆ. ಆದರೆ ಇವನ ಕಣ್ಣು ಗುರುವಿನ ಮೇಲಿಲ್ಲ, ಶಕ್ತಿಯ ಮೇಲಿದೆ. ಯಂತ್ರದಿಂದ ಪ್ರಾಣದೇವರನ್ನೇ ನಿಲ್ಲಿಸಬಹುದಾದರೆ ತನ್ನ ವೈರಿಯನ್ನೇಕೆ ನಿಲ್ಲಿಸಬಾರದು? ವಿಜಯನಗರದ ಮೇಲೆ ಚಿನ್ನದ ಮಳೆ ಸುರಿದಿದ್ದರೆ ಅದು ಈಗ ಎಲ್ಲಿ ಹುಗಿದಿದೆ? ಇವು ಅವನ ಪ್ರಶ್ನೆಗಳು.

ಇಂಥ ಓದು ಎಲ್ಲಿಗೆ ಮುಟ್ಟುತ್ತದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ಶ್ರೀ ವ್ಯಾಸರಾಜರ ವೃಂದಾವನವನ್ನು ರಾತ್ರಿಯ ವೇಳೆ ಕೆಡವಿ ಅಗೆದರು. ಸುದ್ದಿ ಹರಡಿದಾಗ ಹೊಸಪೇಟೆ, ಗಂಗಾವತಿ, ಬಳ್ಳಾರಿಗಳ ಮಾಧ್ವರ ಮನೆಗಳಲ್ಲಿ ಅಂದು ಒಲೆ ಹಚ್ಚಲು ಮನಸ್ಸು ಬಾರದಷ್ಟು ದುಃಖ ಕವಿದಿತ್ತು. ಹಲವು ಮಠಗಳ ಯತಿಗಳೂ ಭಕ್ತರೂ ಧಾವಿಸಿ ಬಂದು, ಭೇದವನ್ನು ಮರೆತು, ಶಿಲೆಗಳನ್ನು ಮತ್ತೆ ಜೋಡಿಸಿ ವೃಂದಾವನವನ್ನು ಪುನಃ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಪೊಲೀಸರು ಹಿಡಿದವರು ನಿಧಿಯ ಆಸೆಯಿಂದ ಬಂದವರೆಂದು ತಿಳಿಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವೃಂದಾವನವನ್ನು ಕೆಡವಿದವರು ನಂಬದವರಲ್ಲ. ಕಥೆಗಳನ್ನು ಸುಳ್ಳೆಂದವನು ಆ ಗಡ್ಡೆಗೆ ಗುದ್ದಲಿ ಹಿಡಿದು ಹೋಗುವ ಕಾರಣವೇ ಇಲ್ಲ. ಕೆಡವಿದವರು ನಂಬಿದ್ದರು. ವಿಜಯನಗರದ ಐಶ್ವರ್ಯ, ರತ್ನಾಭಿಷೇಕ, ರಾಜಗುರು ಎಂಬ ಮಾತುಗಳೆಲ್ಲವನ್ನೂ ಅವರು ಲೋಭದ ಕಣ್ಣಿನಿಂದ ಓದಿದ್ದರು. ಸರ್ವಸಂಗಪರಿತ್ಯಾಗಿಯಾದ ಯತಿಯ ವೃಂದಾವನದಲ್ಲಿ ಚಿನ್ನ ಹುಡುಕುವವನಿಗಿಂತ ಕೆಟ್ಟ ಓದುಗನಿಲ್ಲ. 1565ರ ಯು‍ದ್ಧದ ನಂತರ ತಿರುಮಲರಾಯನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಯ ಕಡೆಗೆ ಹೋದನೆಂದು ಇತಿಹಾಸಕಾರರು ಬರೆದಿದ್ದಾರೆ. ಅದನ್ನಾದರೂ ಓದಿದ್ದರೆ ಸಾಕಾಗಿತ್ತು. ನಿಧಿಯ ಹೆಸರಿನಲ್ಲಿ ನಡೆಯುವ ಕ್ರೂರ ಕೃತ್ಯಗಳನ್ನು ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾನೂನನ್ನು ಮಾಡಿತು. ಆದರೆ ಲೋಭದ ಓದನ್ನು ಕಾನೂನು ತಿದ್ದಲಾರದು.

ಮಾಟಮಂತ್ರಗಳ ಕಾದಂಬರಿಗಳನ್ನು ಓದುವವರಲ್ಲಿಯೂ ಈ ಭೇದ ಕಾಣುತ್ತದೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ತುಳಸಿದಳವು ಕನ್ನಡಕ್ಕೂ ಬಂದು, 1985ರಲ್ಲಿ ಚಲನಚಿತ್ರವೂ ಆಯಿತು. ಎರಡು ಭಾಷೆಗಳೂ ಬಳಕೆಯಲ್ಲಿರುವ ನಮ್ಮ ಸೀಮೆಯಲ್ಲಿ ಅದನ್ನು ಓದಿದವರು ಬಹಳ. ಅದರಲ್ಲಿ ಮಗುವಿನ ಪೀಡೆಗೆ ಮಾಟವೂ ಕಾರಣವೆನ್ನುವಂತೆ, ಮನಸ್ಸಿನ ರೋಗವೂ ಕಾರಣವೆನ್ನುವಂತೆ ಕಥೆ ನಡೆಯುತ್ತದೆ. ಕೆಲವರು ಅದನ್ನು ಕಥೆಯೆಂದು ಓದಿ ಮುಚ್ಚಿಟ್ಟರು. ಕೆಲವರು ಮಗುವಿಗೆ ಜ್ವರ ಬಂದರೂ ನೆರೆಯವರನ್ನು ಅನುಮಾನಿಸತೊಡಗಿದರು. ಪುಸ್ತಕ ಒಂದೇ, ಓದಿದ ಮನಸ್ಸು ಬೇರೆ.

ಹಾಗಾದರೆ ಫಲವನ್ನು ಬಯಸಿ ಮಹಿಮೆಯ ಗ್ರಂಥವನ್ನು ಪಾರಾಯಣ ಮಾಡುವುದೇ ತಪ್ಪೇ? ಮಗಳ ಮದುವೆ, ಮಗನ ಉದ್ಯೋಗ, ರೋಗಶಮನಗಳಿಗಾಗಿ ಗುರುಗಳನ್ನು ಬೇಡುವ ಸಾಮಾನ್ಯ ಗೃಹಸ್ಥರು ನಿಧಿಗಳ್ಳರ ಸಾಲಿಗೆ ಸೇರುವರೇ? ಎಂದಿಗೂ ಇಲ್ಲ. ಭಗವದ್ಗೀತೆಯಲ್ಲಿ ಶ್ರೀಕೃಷ್ಣನು ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂಬ ನಾಲ್ವರನ್ನೂ ತನ್ನ ಭಕ್ತರೆಂದೇ ಎಣಿಸಿದ್ದಾನೆ. ನಮ್ಮ ಮೂವರು ಓದುಗರಲ್ಲಿ ಪ್ರಶ್ನೆ ಕೇಳುವವನು ಜಿಜ್ಞಾಸು. ಬೇಡುವವನು ಅರ್ಥಾರ್ಥಿ. ಇಬ್ಬರಿಗೂ ಅಲ್ಲಿ ಸ್ಥಾನವುಂಟು. ಬೇಡುವವನು ಎಂದೂ ಕೆಳಗೆ ನಿಂತು ಬೇಡುತ್ತಾನೆ. ಕೊಟ್ಟರೆ ಪ್ರಸಾದವೆನ್ನುತ್ತಾನೆ, ಕೊಡದಿದ್ದರೆ ಇಚ್ಛೆಯೆನ್ನುತ್ತಾನೆ. ಮಾಟಗಾರನಾದರೋ ಬೇಡುವುದಿಲ್ಲ, ವಶಪಡಿಸಿಕೊಳ್ಳಹೊರಡುತ್ತಾನೆ.

ಈ ಭೇದಕ್ಕೆ ನಮ್ಮ ಸಿದ್ಧಾಂತದ ಮೂಲದಲ್ಲಿಯೇ ಆಧಾರವಿದೆ. ತತ್ತ್ವಸಂಖ್ಯಾನವು ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುತ್ತದೆ. ಸ್ವತಂತ್ರನು ಶ್ರೀಹರಿ ಒಬ್ಬನೇ. ಮಂತ್ರವೋ ಯಂತ್ರವೋ ತನ್ನ ಕೈಸೇರಿದರೆ ತಾನೇ ಜಗತ್ತನ್ನು ತಿರುಗಿಸಬಲ್ಲೆನೆಂಬ ಮಾಟದ ಕಲ್ಪನೆ ಜೀವನಿಗೆ ಸ್ವಾತಂತ್ರ್ಯವನ್ನು ಆರೋಪಿಸುತ್ತದೆ. ಆದ್ದರಿಂದ ಅದು ಮೊದಲ ಹೆಜ್ಜೆಯಲ್ಲಿಯೇ ಅಪಸಿದ್ಧಾಂತ. ಮಹಿಮೆಯ ಕಥೆ ಹೇಳುವುದಾದರೋ ಇದಕ್ಕೆ ವಿರುದ್ಧವಾದುದನ್ನು. ಅಸ್ವತಂತ್ರನಾದ ಒಬ್ಬ ಭಕ್ತನ ಮೂಲಕ ಸ್ವತಂತ್ರನಾದ ಪರಮಾತ್ಮನು ಏನು ಮಾಡಿಸಿದನೆಂಬುದನ್ನು ಅದು ಹೇಳುತ್ತದೆ.

ಕಥೆಗಳನ್ನೇ ಮತ್ತೊಮ್ಮೆ ಓದಿ ನೋಡಿ. ಕುಹಯೋಗದ ಕಥೆಯಲ್ಲಿ ಸರ್ಪ ದಹನವಾದುದನ್ನೇ ನಾವು ದೊಡ್ಡದಾಗಿ ಹೇಳುತ್ತೇವೆ. ಆದರೆ ಗಂಡಾಂತರ ಕಳೆದ ಮೇಲೆ ಶ್ರೀಪಾದಂಗಳವರು ಸಿಂಹಾಸನದಿಂದ ಇಳಿದು ರಾಜ್ಯವನ್ನು ರಾಜನಿಗೆ ಮರಳಿಸಿದರು. ಕೈಗೆ ಬಂದ ಅಂಥ ಸಾಮ್ರಾಜ್ಯವನ್ನು ಮರಳಿಸಿದವರು ಎಷ್ಟು ಮಂದಿ? ಯಂತ್ರೋದ್ಧಾರಕನ ಕಥೆಯಲ್ಲಿ ಅವರು ಪ್ರಾಣದೇವರನ್ನು ತಮ್ಮ ಮಠದ ಪೆಟ್ಟಿಗೆಯಲ್ಲಿ ನಿಲ್ಲಿಸಿಕೊಳ್ಳಲಿಲ್ಲ. ಯಾರು ಬೇಕಾದರೂ ಹತ್ತಿಬಂದು ಕೈಮುಗಿಯಬಹುದಾದ ಗುಡ್ಡದ ಮೇಲೆ ನಿಲ್ಲಿಸಿದರು, ಸ್ತೋತ್ರ ರಚಿಸಿ ತಾವೂ ನಮಸ್ಕರಿಸಿದರು. ಪುರಂದರದಾಸರ ಕಥೆ ಮುಗಿಯುವುದು ಸಂಪತ್ತನ್ನು ಕೊಟ್ಟುಬಿಡುವುದರಲ್ಲಿ. ಕಂಪಿಲರಾಯನ ಕಥೆಯಲ್ಲಿ ಮಾಯೆಯಿಲ್ಲ, ಮಂತ್ರವಿಲ್ಲ. ಆದರೂ ಅದು ಇವುಗಳೊಡನೆ ಕುಳಿತುಕೊಳ್ಳುತ್ತದೆ. ಎಲ್ಲ ಕಡೆಯಲ್ಲಿಯೂ ಶಕ್ತಿ ಕೈಗೆ ಬಂದಾಗ ಮಹಾತ್ಮನು ಅದನ್ನು ತನಗಾಗಿ ಇಟ್ಟುಕೊಳ್ಳುವುದಿಲ್ಲ. ಪಡೆಯುವುದಕ್ಕಾಗಿ ಈ ಕಥೆಗಳನ್ನು ಓದುವವನು ಅವುಗಳನ್ನು ತಲೆಕೆಳಗಾಗಿ ಓದುತ್ತಿದ್ದಾನೆ.

ಆದ್ದರಿಂದ ನಮ್ಮ ಮನೆಗಳಲ್ಲಿ ಇಂಥ ಗ್ರಂಥಗಳನ್ನು ಓದುವಾಗ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಇದನ್ನು ಯಾರು, ಯಾವ ಆಧಾರದಿಂದ ಹೇಳಿದ್ದಾರೆ? ಇದು ಯಾವ ಬಗೆಯ ಮಾತು, ನೇರವೋ ಗೂಢವೋ? ಇದು ನನ್ನಿಂದ ಏನನ್ನು ಬಿಡಿಸುತ್ತದೆ? ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಪೂರ್ಣವಾಗಿ ಸಿಕ್ಕದಿರಬಹುದು. ಮೂರನೆಯದಕ್ಕೆ ಉತ್ತರ ಎಲ್ಲರಿಗೂ ಸಿಕ್ಕುತ್ತದೆ. ಓದಿ ಮುಚ್ಚಿದ ಮೇಲೆ ಲೋಭ, ಭಯ, ಅಹಂಕಾರಗಳಲ್ಲಿ ಒಂದಾದರೂ ತಗ್ಗಿದ್ದರೆ ಓದು ಸಾರ್ಥಕ. ಅವು ಹೆಚ್ಚಿದ್ದರೆ, ಪುಸ್ತಕದ ಮೇಲೆ ಗುರುಗಳ ಚಿತ್ರವಿದ್ದರೂ, ನಾವು ಓದಿದುದು ಮಾಟದ ಪುಸ್ತಕವನ್ನೇ.

ಮೊಮ್ಮಗುವೊಂದು "ಅಜ್ಜಿ, ಇದು ನಿಜವಾಗಿ ನಡೆಯಿತೇ?" ಎಂದು ಕೇಳಿದಾಗ ಏನು ಹೇಳಬೇಕು? "ಬಾಯಿ ಮುಚ್ಚು" ಎನ್ನಬಾರದು. "ಎಲ್ಲ ಕಟ್ಟುಕಥೆ" ಎಂದೂ ತಾತ್ಸಾರ ಮಾಡಬಾರದು. "ನಮ್ಮ ಹಿರಿಯರು ಹೀಗೆ ಹೇಳುತ್ತ ಬಂದಿದ್ದಾರೆ, ನನಗೆ ನಂಬಿಕೆಯುಂಟು, ನೀನು ದೊಡ್ಡವನಾದ ಮೇಲೆ ನ್ಯಾಯಾಮೃತವನ್ನೂ ಓದು, ಇತಿಹಾಸವನ್ನೂ ಓದು, ಆಮೇಲೆ ನನಗೂ ಹೇಳು" ಎಂದರೆ ಅದರಲ್ಲಿ ಸುಳ್ಳೂ ಇಲ್ಲ, ಅಶ್ರದ್ಧೆಯೂ ಇಲ್ಲ. ಅಂಥ ಉತ್ತರವನ್ನು ಕೇಳಿ ಬೆಳೆದ ಮಗು ಮುಂದೆ ಎಲ್ಲಿಗೆ ಹೋದರೂ, ಬೆಂಗಳೂರಿಗೋ ಪರದೇಶಕ್ಕೋ, ಗುರುಗಳನ್ನು ಬಿಟ್ಟುಹೋಗಲು ಕಾರಣವಿರುವುದಿಲ್ಲ. ಎಲ್ಲವನ್ನೂ ಒಪ್ಪು, ಇಲ್ಲವೇ ಹೊರಗೆ ಹೋಗು ಎಂಬ ಮಾತನ್ನು ಕೇಳಿ ಬೆಳೆದವರು ಹೊರಗೆ ಹೋದುದನ್ನು ನಾವು ಕಂಡಿದ್ದೇವೆ.

ಮನೆಯ ಮಾತುಕತೆ ವಾದವಾಗಿರಲಿ, ಜಲ್ಪವಾಗದಿರಲಿ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಖ್ಯಾತಿಗಾಗಿ ನಡೆಯುವುದು ಜಲ್ಪ ಎಂದು ಆಚಾರ್ಯರ ಕಥಾಲಕ್ಷಣ ತಿಳಿಸುತ್ತದೆ. ತಂದೆ ಗೆಲ್ಲಬೇಕು, ಮಗ ಗೆಲ್ಲಬೇಕು ಎಂಬುದು ಬಂದೊಡನೆ ಗುರುಗಳ ಮಹಿಮೆ ಅಲ್ಲಿಂದ ಹೊರಟುಹೋಗುತ್ತದೆ. ಫಾಲ್ಗುಣ ಬಹುಳ ಚತುರ್ಥಿಯಂದು ಶ್ರೀ ವ್ಯಾಸರಾಜರ ಆರಾಧನೆಗೆ ನಂಬುವ ಹಿರಿಯರೂ ಪ್ರಶ್ನಿಸುವ ಕಿರಿಯರೂ ಒಂದೇ ದೋಣಿಯಲ್ಲಿ ತುಂಗಭದ್ರೆಯನ್ನು ದಾಟಿ, ಮತ್ತೆ ಎದ್ದುನಿಂತ ಆ ವೃಂದಾವನಕ್ಕೆ ಪ್ರದಕ್ಷಿಣೆ ಮಾಡಲಿ. ಏನನ್ನೂ ತನಗಾಗಿ ಇಟ್ಟುಕೊಳ್ಳದವರ ಮುಂದೆ ಕೈಮುಗಿದು ನಿಂತಾಗ, ಬೇಡಬೇಕಾದುದು ಯಾವುದೆಂಬುದು ಇಬ್ಬರಿಗೂ ತಿಳಿಯದೆ ಇರಲಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥